ಬೋರ್ಡು ಸತ್ತಿತೆಂದು ಬಿಸಾಡುವ ಮುಂಚೆ

(ಚಾಣಕ್ಯಪುರಿಯಲ್ಲಿ ಸೇರಿದ್ದ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)



ರಾತ್ರಿ ಪಾಳಿ ಮುಗಿಸಿ ನೇರವಾಗಿ ಬಂದವರೂ ಇಲ್ಲಿದ್ದೀರಿ. ಆದುದರಿಂದ ಪೀಠಿಕೆಯಿಲ್ಲದೆ ವಿಷಯಕ್ಕೆ ಬರುತ್ತೇವೆ. ನಾವೆಲ್ಲ ಹಣ ಸೇರಿಸಿ ಮಾಯಾಪುರಿಯ ಹಳೆ ಸಾಮಾನಿನ ಪೇಟೆಯಿಂದ ಒಂದು ಮಾರುತಿ ಇಂಜಿನ್ನು ತಂದೆವಷ್ಟೆ. ಹೋಟೆಲಿನ ಹುಡುಗರು ಲೋಟ ತೊಳೆದೇ ಮುದುಕರಾಗಬಾರದು, ಕೈಗೊಂದು ಕಸಬು ಹತ್ತಲಿ ಎಂಬುದು ಉದ್ದೇಶ. ಆ ಇಂಜಿನ್ನು ಹದಿನೈದು ದಿನ ಉಸಿರೆತ್ತದೆ ಕೂತಿತ್ತು. ಅದರ ಕಂಪ್ಯೂಟರಿಗೆ ಹೊಸ ಫರ್ಮ್‌ವೇರ್ ಹಾಕಿದ ಮೇಲೆ ಬಂದ ತೊಂದರೆ ಅದು. ಬೋರ್ಡು ಸತ್ತಿದೆ, ಹೊಸದು ಕೊಳ್ಳಿರಿ ಎಂದು ಅಂಗಡಿಯವನೊಬ್ಬ ಹೇಳಿಬಿಟ್ಟ. ಇನ್ನೊಂದು ಕೊಳ್ಳುವಷ್ಟು ದುಡ್ಡು ಪೆಟ್ಟಿಗೆಯಲ್ಲಿ ಇರಲಿಲ್ಲ. ಬೋರ್ಡೂ ಸತ್ತಿರಲಿಲ್ಲ.

ಇಂಜಿನ್ನಿಗೆ ಕಂಪ್ಯೂಟರ್ ಏಕೆ ಎಂದು ಹಿರಿಯರು ಕೇಳುತ್ತಾರೆ. ಈ ದಿಲ್ಲಿಯ ಹೊಗೆಯ ದೆಸೆಯಿಂದ 1999ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟು ಇಲ್ಲಿ ನೋಂದಾಯಿಸುವ ಹೊಸ ಕಾರುಗಳಿಗೆ ಯೂರೋ ಮಟ್ಟಗಳನ್ನು ಕಡ್ಡಾಯ ಮಾಡಿತು. ಅಲ್ಲಿಂದ ಪೆಟ್ರೋಲ್ ಕಾರುಗಳಲ್ಲಿ ಕಾರ್ಬುರೇಟರು ಹಿಂದೆ ಸರಿಯಿತು. ಎಷ್ಟು ಪೆಟ್ರೋಲು, ಯಾವ ಕ್ಷಣಕ್ಕೆ ಕಿಡಿ ಎಂಬುದನ್ನು ಕಂಪ್ಯೂಟರು ಲೆಕ್ಕ ಹಾಕತೊಡಗಿತು. ಆದರೆ ಕಂಪೆನಿಯ ಕಂಪ್ಯೂಟರೆಂದರೆ ಯಜಮಾನರ ಗಲ್ಲಾಪೆಟ್ಟಿಗೆಯಿದ್ದಂತೆ, ಒಳಗೆ ಇಣುಕುವ ಹಾಗಿಲ್ಲ. ಅಮೆರಿಕದ ಬೌಲಿಂಗ್ ಮತ್ತು ಗ್ರಿಪ್ಪೋ ಎಂಬಿಬ್ಬರು 2001ರಲ್ಲಿ ಕೈಯಿಂದ ಬೆಸುಗೆ ಹಾಕಿ ಕಟ್ಟಿಕೊಳ್ಳಬಹುದಾದ ಮೆಗಾಸ್ಕ್ವರ್ಟನ್ನು ಹೊರತಂದರು. ಆಮೇಲೆ ಆಸ್ಟ್ರೇಲಿಯದ ಜಾಷ್ ಸ್ಟೀವರ್ಟ್ ಎಂಬವರು ಸ್ಪೀಡುವಿನೊವನ್ನು ಶುರು ಮಾಡಿದರು. ಆರ್ಡುವಿನೊ ಮೆಗಾ 2560 ಎಂಬ ಅಗ್ಗದ ಬೋರ್ಡಿನ ಮೇಲೆ ಅದು ನಡೆಯುತ್ತದೆ, ಅದರ ಬರಹವೆಲ್ಲ ಬಯಲಿನಲ್ಲಿದೆ. ನಮ್ಮದೂ ಅದೇ.

ಒಂದು ಮಾತನ್ನು ಇಲ್ಲಿಯೇ ಹೇಳಿಬಿಡುತ್ತೇವೆ. ಇದು ಸ್ಟ್ಯಾಂಡಿನ ಮೇಲಿನ ಕಲಿಕೆಯ ಇಂಜಿನ್ನಿಗೆ. ಬಾಡಿಗೆ ಕಾರಿಗೆ ಕೂರಿಸಿ ರಸ್ತೆಗಿಳಿದರೆ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ಅಡ್ಡ ಬರುತ್ತದೆ.

ಈಗ ರೋಗದ ಮಾತು. ಬೋರ್ಡಿನೊಳಗೆ ಇರುವುದು ಎರಡು. ಫರ್ಮ್‌ವೇರ್ ಒಂದು, ಟ್ಯೂನ್ ಇನ್ನೊಂದು. ಗಿರಣಿಯವರು ಜಕಾರ್ಡ್ ಮಗ್ಗವನ್ನು ನೆನೆಯಿರಿ. ಫರ್ಮ್‌ವೇರ್ ಎಂದರೆ ರಟ್ಟಿನ ಕಾರ್ಡುಗಳ ಸರ. ಟ್ಯೂನ್ ಎಂದರೆ ಈ ಮಗ್ಗಕ್ಕೆ, ಈ ನೂಲಿಗೆ ಎಂದು ನೀವು ಹಿಡಿದ ಅಳತೆ. ಹೊಸ ಸರಕ್ಕೆ ಹಳೆಯ ಕಟ್ಟು ಹೊಂದದಿದ್ದರೆ ಮಗ್ಗ ಮುರಿಯುವುದಿಲ್ಲ, ಬಟ್ಟೆಯ ಮೇಲಿನ ಹೂವು ಕೆಡುತ್ತದೆ. ನಮ್ಮಲ್ಲಿ ಆದದ್ದೂ ಅದೇ. ಹುಡುಗರು 202305 ಎಂಬ ಫರ್ಮ್‌ವೇರ್ ಹಾಕಿದರು. ಅಂಕಿಯೇ ಹೇಳುತ್ತದೆ, 2023ರ ಮೇ ತಿಂಗಳದು. ಲ್ಯಾಪ್‌ಟಾಪಿನ ಟ್ಯೂನರ್‌ಸ್ಟುಡಿಯೊದಲ್ಲಿ ಮಾತ್ರ ಹಿಂದಿನ ಐಎನ್ಐ ಫೈಲೇ ಉಳಿದಿತ್ತು. ಯಾವ ಮನೆಯಲ್ಲಿ ಯಾವ ಅಂಕಿ ಇದೆಯೆಂದು ಓದಿ ಹೇಳುವುದು ಆ ಫೈಲು. ಗುರುತು ಹೊಂದುತ್ತಿಲ್ಲ ಎಂದು ಪರದೆ ಎಚ್ಚರಿಸಿತು; ಇವರು ಮುಂದಕ್ಕೆ ಒತ್ತಿದರು. ಅಷ್ಟರ ಮೇಲೆ ಬರ್ನ್ ಒತ್ತಿದರೆ ತಪ್ಪು ಅಂಕಿಗಳೇ ಬೋರ್ಡಿನಲ್ಲಿ ಭದ್ರವಾಗಿ ಕೂರುತ್ತವೆ.

ಪುಣ್ಯಕ್ಕೆ ಅವರಲ್ಲೊಬ್ಬ ಸಪ್ಲಾಯರು. ಆರ್ಡರು ಬರೆದುಕೊಳ್ಳದೆ ಒಳಗೆ ಹೋಗುವ ಅಭ್ಯಾಸ ಅವನಿಗಿಲ್ಲ. ಹಳೆಯ ಟ್ಯೂನನ್ನು ಮೊದಲೇ ಬೇರೆ ಕಡೆ ಉಳಿಸಿದ್ದ. ಅದೇ ತಿಂಗಳಿನ ಐಎನ್ಐ ತಂದು, ಉಳಿಸಿದ್ದ ಟ್ಯೂನನ್ನು ಮತ್ತೆ ಹಾಕಿದ್ದಾಯಿತು. ನೆನಪಿಡಿ, ಹಳೆಯದರಿಂದ ಹೊಸದಕ್ಕೆ ಹೋಗುವಾಗ ಫರ್ಮ್‌ವೇರ್ ತಾನೇ ಅಂಕಿಗಳನ್ನು ಹೊಂದಿಸಿಕೊಳ್ಳಲು ನೋಡುತ್ತದೆ. ಹಿಂದಕ್ಕೆ ಬರುವಾಗ ಹಾಗಿಲ್ಲ, ಆಗ ಉಳಿಸಿದ ಪ್ರತಿಯೇ ಗತಿ.

ಹೊಸದು ಹತ್ತುವುದೇ ಇಲ್ಲವೆಂಬ ದೂರು ಬೇರೆ. ಟ್ಯೂನರ್‌ಸ್ಟುಡಿಯೊ ತೆರೆದಿದ್ದರೆ ಬೋರ್ಡಿನ ದಾರಿಯನ್ನು ಅದೇ ಹಿಡಿದುಕೊಂಡಿರುತ್ತದೆ, ಮೊದಲು ಮುಚ್ಚಿರಿ. ಕೇಬಲ್ ಬದಲಿಸಿ ನೋಡಿರಿ, ಮೊಬೈಲಿಗೆ ಚಾರ್ಜು ಮಾಡುವ ಎಷ್ಟೋ ಕೇಬಲುಗಳಲ್ಲಿ ಮಾಹಿತಿಯ ತಂತಿಯೇ ಇರುವುದಿಲ್ಲ. ಅಗ್ಗದ ನಕಲು ಬೋರ್ಡಿಗೆ ಹೆಚ್ಚಾಗಿ ಸಿಎಚ್ 340 ಎಂಬ ಡ್ರೈವರು ಬೇಕು. ಈ ಮೂರನ್ನು ನೋಡದೆ ಯಾರಾದರೂ ಸತ್ತಿತೆಂದರೆ ನಂಬಬೇಡಿರಿ.

ಇನ್ನು ಬೆಂಕಿಯ ವಿಷಯ. ಫರ್ಮ್‌ವೇರ್ ಹಾಕುವಾಗ ಕಾಯಿಲ್ ಮತ್ತು ಇಂಜೆಕ್ಟರುಗಳ ಫ್ಯೂಸು ತೆಗೆದಿಡತಕ್ಕದ್ದು. ಆ ಹೊತ್ತಿನಲ್ಲಿ ಬೋರ್ಡಿನ ಕೈಯಲ್ಲಿ ಲಗಾಮು ಇರುವುದಿಲ್ಲ. ಕಾಯಿಲ್ ಕಾದು ಸುಡಬಹುದು, ಇಂಜೆಕ್ಟರು ತೆರೆದು ಸಿಲಿಂಡರಿಗೆ ಪೆಟ್ರೋಲು ಸುರಿಯಬಹುದು. ಬೀಡಿ ಸೇದುವವರು ಶೆಡ್ಡಿನಿಂದ ದೂರ ಇರತಕ್ಕದ್ದು. ಇದರಲ್ಲಿ ನಾವು ಯಾರ ಮುಖವನ್ನೂ ನೋಡುವುದಿಲ್ಲ.

ಹಾಕಿದ ಮೇಲೆ ಕೂಡಲೇ ಸ್ಟಾರ್ಟರು ತಿರುಗಿಸಬೇಡಿರಿ. ತಣ್ಣಗಿರುವ ಇಂಜಿನ್ನು ಪರದೆಯ ಮೇಲೆ ಹೊರಗಿನ ಗಾಳಿಯಷ್ಟೇ ಶಾಖ ತೋರಿಸಬೇಕು. ಪೆಡಲು ಬಿಟ್ಟಾಗ ಸೊನ್ನೆ, ಪೂರ್ತಿ ತುಳಿದಾಗ ನೂರು ಬರಬೇಕು. ಫ್ಯೂಸು ಇನ್ನೂ ಹಾಕದೆ ಇಂಜಿನ್ನನ್ನು ತಿರುಗಿಸಿ ಸುತ್ತಿನ ಲೆಕ್ಕ ನೋಡಿರಿ. ಅದು ಕುಣಿಯುತ್ತಿದ್ದರೆ ಹಲ್ಲಿನ ಚಕ್ರದ ಸೆಟ್ಟಿಂಗನ್ನು ಪರೀಕ್ಷಿಸಿರಿ. ಇವೆಲ್ಲ ಸರಿಯಿದ್ದರೆ ಕಿಡಿಯನ್ನು 10 ಡಿಗ್ರಿಗೆ ನಿಲ್ಲಿಸಿ, ಫ್ಯೂಸು ಹಾಕಿ, ಟೈಮಿಂಗ್ ದೀಪ ಹಿಡಿದು ತಿರುಗಿಸಿರಿ. ಪುಲ್ಲಿಯ ಗುರುತೂ 10 ತೋರಿಸಬೇಕು. ತೋರಿಸದಿದ್ದರೆ ಮುಂದೆ ಹೋಗದೆ ಟ್ರಿಗರ್ ಕೋನವನ್ನು ತಿದ್ದಿರಿ. ನಮ್ಮ ಇಂಜಿನ್ನಿನಲ್ಲಿ 10 ಬಂತು. ಕಾಗದ ಪೆನ್ಸಿಲು ತಂದವರು ಈಗ ಶೆಡ್ಡಿಗೆ ಬನ್ನಿರಿ, ಫ್ಯೂಸು ತೆಗೆಯುವುದರಿಂದ ಶುರು ಮಾಡೋಣ.