ಬ್ರೇಕ್ ಸರಿಯಿಲ್ಲದ ಗಾಡಿ ಹೊರಡಿಸಬೇಡಿ



ಸಂಘದ ಸಾಲದಲ್ಲಿ ಹಳೆ ಓಮ್ನಿ ಕೊಂಡು ತರಕಾರಿ, ಹಪ್ಪಳ ಸಾಗಿಸುವವರು ನಿಮ್ಮಲ್ಲಿದ್ದೀರಿ. ಓಮ್ನಿ ತಯಾರಿಕೆ 2019ರಲ್ಲೇ ನಿಂತಿದೆ; ಈಗಿರುವವೆಲ್ಲ ಹಳೆಯವೇ.

ಬ್ರೇಕ್ ಪೆಡಲ್ ಮೆತ್ತಗಾದರೆ ಪೈಪಿನೊಳಗೆ ಗಾಳಿ ಸೇರಿರಬಹುದು. ಮೆಕ್ಯಾನಿಕ್ ಹತ್ತಿರ ಗಾಳಿ ತೆಗೆಸಿ. ಒತ್ತಿ ಹಿಡಿದಾಗ ನಿಧಾನಕ್ಕೆ ಕುಸಿದರೆ ಆಯಿಲ್ ಸೋರುತ್ತಿರಬಹುದು, ಇಲ್ಲವೇ ಮಾಸ್ಟರ್ ಸಿಲಿಂಡರ್ ಕೆಟ್ಟಿರಬಹುದು. ಕಿರ್ರೆಂದರೆ ಪ್ಯಾಡ್ ನೋಡಿಸಿ. ಸವೆದಿದ್ದರೆ ಎರಡೂ ಚಕ್ರಕ್ಕೆ ಒಟ್ಟಿಗೆ ಹೊಸದು ಹಾಕಿಸಿ.

ಬ್ರೇಕ್ ಆಯಿಲ್ ಕಡಿಮೆಯಾಗಿದ್ದರೆ ಬರೀ ತುಂಬಿಸಿ ಸುಮ್ಮನಾಗಬೇಡಿ. ಎಲ್ಲಿ ಹೋಯಿತು ಅಂತ ಕೇಳಿ. ಅದರ ಜಾಗಕ್ಕೆ ಎಂಜಿನ್ ಆಯಿಲ್ ಹಾಕಲೇಬಾರದು, ರಬ್ಬರ್ ಹಾಳಾಗುತ್ತದೆ. ಬ್ರೇಕ್ ಆಯಿಲ್ ತೇವ ಹೀರುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಾಯಿಸಿ.

ರಿಪೇರಿಗೆ ದುಡ್ಡಿಲ್ಲ, ಕಂತು ಕಟ್ಟಬೇಕು ಅಂತ ಗಾಡಿ ಹೊರಡಿಸಬೇಡಿ. ಕಂತು ತಡವಾದರೆ ಸಭೆಯಲ್ಲಿ ಮಾತಾಡಿಕೊಳ್ಳೋಣ. ಜೀವ ಹೋದರೆ ಯಾರ ಹತ್ತಿರ ಮಾತಾಡೋದು?