ಬೀಗದಕೈ ಜೊತೆ ಎರಡು ಬುಟ್ಟಿ



ಅಡಯಾರ್, ಕೊಟ್ಟೂರ್‌ಪುರಂ ಕಡೆ ಇರುವವರಿಗೆ ಗೊತ್ತು. ಐಐಟಿ, ಅಣ್ಣಾ ವಿಶ್ವವಿದ್ಯಾಲಯದ ಸುತ್ತಮುತ್ತ ಎಷ್ಟೋ ಮನೆಗಳಲ್ಲಿ ವಿದ್ಯಾರ್ಥಿಗಳು ಬಾಡಿಗೆಗಿದ್ದಾರೆ. ಬೀದಿ ಮೂಲೆಯಲ್ಲಿ ಕಸದ ಚೀಲ ಕಂಡರೆ ‘ಆ ಹುಡುಗರದೇ’ ಎಂದುಬಿಡುತ್ತೇವೆ. ಕಸದ ಗಾಡಿ ಎಷ್ಟು ಹೊತ್ತಿಗೆ ಬರುತ್ತದೆಂದು ಅವರಿಗೆ ಹೇಳಿದವರು ಯಾರು?

ಬೀದಿಯನ್ನು ಬೀದಿಯವರೇ ನೋಡಿಕೊಳ್ಳಬಹುದೆಂದು ತೋರಿಸಿದ ಊರಿದು. 1989ರಲ್ಲಿ ಎಂ. ಬಿ. ನಿರ್ಮಲ್ ಇಲ್ಲಿ ಎಕ್ಸ್‌ನೋರಾ ಆರಂಭಿಸಿದರು. ಬೀದಿಯ ಮನೆಗಳವರು ತಿಂಗಳಿಗಿಷ್ಟು ಹಣ ಕೂಡಿಸಿ, ಮೂರು ಚಕ್ರದ ಗಾಡಿಯಲ್ಲಿ ಕಸ ಒಯ್ಯಲು ಒಬ್ಬರನ್ನು ನೇಮಿಸುತ್ತಿದ್ದರು. ಚಿಂದಿ ಆಯುತ್ತಿದ್ದವರಿಗೂ ಈ ಕೆಲಸ ಸಿಕ್ಕಿತು. ‘ಸ್ಟ್ರೀಟ್ ಬ್ಯೂಟಿಫೈಯರ್’ ಎಂಬ ಗೌರವದ ಹೆಸರೂ ಬಂತು.

ಒಯ್ದ ಕಸ ಎಲ್ಲಿಗೆ ಹೋಗುತ್ತದೆ? ದಕ್ಷಿಣ ಚೆನ್ನೈನ ಕಸ ದಶಕಗಳ ಕಾಲ ಸುರಿದದ್ದು ಪೆರುಂಗುಡಿಯಲ್ಲಿ, ಪಳ್ಳಿಕರಣೈ ಜೌಗಿನಲ್ಲಿ. ಮಳೆನೀರು ನಿಲ್ಲಬೇಕಾದ ಜಾಗ ಅದು. ಅಲ್ಲಿ ಕಸ ತುಂಬಿದರೆ ನೀರು ಮನೆಗಳತ್ತ ಬರುತ್ತದೆ. ನೀರು ಬಂದರೆ ಹೇಗಿರುತ್ತದೆಂದು 2015ರ ಡಿಸೆಂಬರಿನಲ್ಲಿ ಅಡಯಾರ್ ನದಿ ಉಕ್ಕಿದಾಗ ಕೊಟ್ಟೂರ್‌ಪುರಂ ಕಂಡಿದೆ. ಮಾಲೀಕರು ಯಾರು, ಬಾಡಿಗೆಯವರು ಯಾರು ಎಂದು ನೀರು ಕೇಳಲಿಲ್ಲ.

ನನ್ನ ಕೋರಿಕೆ ಚಿಕ್ಕದು. ವಿದ್ಯಾರ್ಥಿಗಳಿಗೆ ಮನೆ ಕೊಡುವ ದಿನ ಬೀಗದಕೈ ಜೊತೆ ಎರಡು ಬುಟ್ಟಿ ಕೊಡಿ; ಹಸಿ ಕಸಕ್ಕೊಂದು, ಒಣ ಕಸಕ್ಕೊಂದು. ಗಾಡಿಯ ಹೊತ್ತನ್ನು ಬಾಗಿಲ ಹಿಂದೆ ಬರೆದು ಅಂಟಿಸಿ. ಪ್ಯಾಡುಗಳನ್ನು ಕಾಗದದಲ್ಲಿ ಸುತ್ತಿ ಬೇರೆಯಾಗಿ ಕೊಡಲು ಹುಡುಗಿಯರಿಗೆ ಹೇಳಿ. ಕಸ ವಿಂಗಡಿಸುವ ಕೈ ಇನ್ನೊಬ್ಬ ಹೆಣ್ಣುಮಗಳದೇ ಇರಬಹುದು.

ಮನೆ ಬಿಟ್ಟು ಬಂದ ಮಕ್ಕಳು, ಕರೆದು ಮಾತಾಡಿಸಿದರೆ ಕೇಳುತ್ತಾರೆ. ನಮ್ಮಲ್ಲೂ ಎಷ್ಟೋ ಜನ ಒಂದು ಕಾಲಕ್ಕೆ ಈ ಊರಿಗೆ ಹೊಸಬರೇ ಆಗಿದ್ದೆವಲ್ಲವೇ?