ಎಮೆಂಡ್ ಮತ್ತು ನಮ್ಮ ‘ತಿದ್ದು’



ಸಂವಿಧಾನದ ತಿದ್ದುಪಡಿಯಿಂದಾಗಿ ‘ಅಮೆಂಡ್’ ಪದ ನಮಗೆಲ್ಲ ಗೊತ್ತು. ಅದರ ಅಪರೂಪದ ಸೋದರಿ ‘ಎಮೆಂಡ್’. ಬರಹದ, ಮುಖ್ಯವಾಗಿ ಹಳೆಯ ಗ್ರಂಥಗಳ, ತಪ್ಪು ತಿದ್ದುವುದಕ್ಕೆ ಈ ಪದ. ಲ್ಯಾಟಿನ್‌ನಲ್ಲಿ ‘ಮೆಂಡಾ’ ಎಂದರೆ ದೋಷ, ‘ಎ’ ಎಂದರೆ ಹೊರಗೆ. ದೋಷವನ್ನು ಹೊರಹಾಕುವುದು ಎಂದರ್ಥ. ‘ಅಮೆಂಡ್’ ಅದೇ ಮೂಲದಿಂದ ಫ್ರೆಂಚ್ ಮೂಲಕ ಬಂತು. ಹರಿದ ಬಟ್ಟೆ ಸರಿಮಾಡುವ ‘ಮೆಂಡ್’ ಅದರ ಮೊಟಕು ರೂಪ. ಬಟ್ಟೆ ಗಿರಣಿಗಳ ಊರಾಗಿದ್ದ ನಮ್ಮ ಪರೇಲ್‌ಗೆ ಹೊಂದುವ ಪದವೇ!

ನಾನು ಸಾಫ್ಟ್‌ವೇರ್ ಕೆಲಸದವಳು. ಅಲ್ಲಿಯೂ ಬಗ್ ಹುಡುಕಿ ಹೊರಹಾಕುವುದೇ ಕೆಲಸ. ಆದರೆ ಕನ್ನಡದ ‘ತಿದ್ದು’ ಅಷ್ಟಕ್ಕೇ ನಿಲ್ಲುವುದಿಲ್ಲ. ಹಣೆಗೆ ತಿಲಕ ತಿದ್ದುತ್ತೇವೆ. ಮಗು ಸ್ಲೇಟಿನ ಮೇಲೆ ‘ಅ’ ತಿದ್ದುತ್ತದೆ. ಅಲ್ಲಿ ತಪ್ಪೇ ಇಲ್ಲ. ಬರೆದದ್ದರ ಮೇಲೆ ಮತ್ತೆ ಮತ್ತೆ ಕೈಯಾಡಿಸಿ ಅಕ್ಷರವನ್ನು ತನ್ನದಾಗಿಸಿಕೊಳ್ಳುತ್ತದೆ. ದೊಡ್ಡವರ ಕೆಲಸವೂ ಹೀಗೆಯೇ. ಕಿಟ್ಟೆಲ್ಲರ 1894ರ ನಿಘಂಟನ್ನು ಮರಿಯಪ್ಪ ಭಟ್ಟರು ಪರಿಷ್ಕರಿಸಿದಾಗ ಅದು ಹಿಗ್ಗಿ, 1968ರಿಂದ 1971ರವರೆಗೆ ಮದ್ರಾಸ್ ವಿಶ್ವವಿದ್ಯಾಲಯದಿಂದ ನಾಲ್ಕು ಸಂಪುಟಗಳಾಗಿ ಬಂತು.

ಮುಂಬಯಿಯಲ್ಲಿ ಬೆಳೆಯುವ ನಮ್ಮ ಮಕ್ಕಳು ‘ಅಜ್ಜಿ ಬಂದ’ ಎನ್ನುತ್ತಾರೆ. ನಾವು ನಕ್ಕು ತಪ್ಪು ಎತ್ತಿ ತೋರಿಸಿದರೆ, ಮುಂದಿನ ಸಲ ಹಿಂದಿಯಲ್ಲೇ ಮಾತಾಡುತ್ತಾರೆ. ‘ಹೌದಾ, ಅಜ್ಜಿ ಬಂದರಾ?’ ಎಂದು ಕೇಳಿ ನೋಡಿ. ಕೇಳಿ ಕೇಳಿ ನಾಲಿಗೆ ತಾನೇ ತಿದ್ದಿಕೊಳ್ಳುತ್ತದೆ. ಮನೆಯಲ್ಲಿ ಎಮೆಂಡ್ ಮಾಡುವುದು ಬೇಡ, ತಿದ್ದಿಸೋಣ.